ಬಾರದ ಬಣ್ಣ

ಹೋದ ವಾರ ನಮ್ಮ ಗೇಟಿಗೆ ಪೇಂಟ್ ಹೊಡೆಯಲು ಬಂದವನು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟಿಗೆ ನಮ್ಮ ಬಯಾಲಜಿ ಮೇಡಂ ನೆನಪಾದರು... ಲ್ಯಾಬಿನಲ್ಲಿ ಸ್ಲೈಡು ತೊಳೆಯುವ ಜೈಲೀನಿಗೂ ಹೆಚ್ಚುಕಮ್ಮಿ ಅದೇ ವಾಸನೆ.

ಮುಳಬಾಗಿಲಿನ ಕಾಲೇಜಿನಲ್ಲಿ ಅವರು ನಮಗೆ ಪಾಠ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಡಿಗ್ರಿ ಓದಿದವರಿಲ್ಲ. ಬೆಳಿಗ್ಗೆ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ ಕ್ಲಾಸಿಗೆ ಓಡುತ್ತಿದ್ದ ನನಗೆ ಇಂಗ್ಲಿಷ್ ಪುಸ್ತಕ ತಲೆಗೆ ಹತ್ತುತ್ತಿರಲಿಲ್ಲ. ಅವರು ಬೋರ್‌ವೆಲ್ ಲೆಕ್ಕದಲ್ಲಿ ಹೇಳಿಕೊಟ್ಟರು.

"ಹರ್-ಟೂ ಅನ್ನೋ ಜೀನು ಎಲ್ರ ಮೈಯಲ್ಲೂ ಇರುತ್ತೆ ಕಣ್ರೇ. ಜೀವಕೋಶಕ್ಕೆ ಬೆಳೀ ಅನ್ನೋದು ಅದರ ಕೆಲಸ. ಸಾಕು ಅಂದಾಗ ಆಫ್ ಮಾಡೋ ಸ್ವಿಚ್ಚೂ ಒಳಗೇ ಇರುತ್ತೆ. ಒಂದು ಮೋಟಾರ್ ಇರೋ ಕಡೆ ಹತ್ತು ಓಡಿದ್ರೆ, ಆ ಸ್ವಿಚ್ ಏನ್ ಮಾಡೀತು? ಕೋಶ ಬೆಳೀತಾನೇ ಹೋಗುತ್ತೆ, ಅದೇ ಕ್ಯಾನ್ಸರ್."

ನಾನು ಕೋಲಾರದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆದೆ. ಕೆಲವು ವರ್ಷಗಳ ಮೇಲೆ ಮೇಡಂ ಎದೆಯ ಗಂಟಿನ ಚೂರು ನಮ್ಮಲ್ಲಿಗೇ ಬಂತು. ಕ್ಯಾನ್ಸರ್ ಲಿವರಿಗೂ ಹರಡಿತ್ತು, ಕೀಮೋ ಕೈಕೊಟ್ಟಿತ್ತು. ಉಳಿದಿದ್ದು ಒಂದೇ ಆಸೆ. ಆ ಜೀನಿನ ಅಬ್ಬರವೇ ರೋಗಕ್ಕೆ ಕಾರಣವಾಗಿದ್ದರೆ ಪರೀಕ್ಷೆಯಲ್ಲಿ ಆ ಚೂರಿನ ಸ್ಲೈಡು ಕಂದು ಬಣ್ಣಕ್ಕೆ ತಿರುಗುತ್ತದೆ, ಆಗ ಮಾತ್ರ ಆ ಜೀನನ್ನು ಕಟ್ಟಿಹಾಕುವ ಔಷಧಿ ಕೊಡಬಹುದು. ಕಂದು ಬಣ್ಣ ಬರಲಿ ಎಂದು ಕುರುಡುಮಲೆ ಗಣಪನಿಗೆ ಹರಕೆ ಹೊತ್ತೆ.

ಬರಲಿಲ್ಲ. ಬರೀ ಹಿನ್ನೆಲೆಗೆ ಹಾಕುವ ನೀಲಿ. ಇನ್ನೊಂದು ಸಲ ಮಾಡಿದೆ. ನೀಲಿಯೇ. ಡಾಕ್ಟರೂ ನೋಡಿ ಇಲ್ಲವೆಂದು ತಲೆಯಾಡಿಸಿದರು.

ಮೇಡಂ ಹೊರಗೆ ಬೆಂಚಿನ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದರು.

"ಬಣ್ಣ ಬಂತೇನೇ?"

"ಇಲ್ಲ ಮೇಡಂ."

"ನಿನ್ನ ಪ್ರಾಕ್ಟಿಕಲ್ಸ್ ನಂಗೊತ್ತಿಲ್ವಾ! ಈರುಳ್ಳಿ ಸಿಪ್ಪೆಗೇ ಬಣ್ಣ ಹಿಡಿಸೋಕೆ ಬರ್ತಿರ್ಲಿಲ್ಲ ನಿಂಗೆ." ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಕಂಟ್ರೋಲ್ ಇಟ್ಟಿದ್ಯಾ?"

"ಇಟ್ಟಿದ್ದೆ ಮೇಡಂ. ಅದ್ರಲ್ಲಿ ಚೆನ್ನಾಗಿ ಬಂತು."

ಬಣ್ಣ ಬರುತ್ತದೆಂದು ಮೊದಲೇ ಗೊತ್ತಿರುವ ಸ್ಲೈಡೊಂದನ್ನು ಜೊತೆಗಿಡಬೇಕು, ಅದರಲ್ಲೂ ಬಾರದಿದ್ದರೆ ಪರೀಕ್ಷೆಯೇ ತಪ್ಪು ಎಂದು ನನಗೆ ಕಲಿಸಿದ್ದು ಅವರೇ. ತಪ್ಪಾಗಿರಲಿ ಎಂದು ಆ ಹೊತ್ತಿನಲ್ಲಿ ಇಬ್ಬರಿಗೂ ಇತ್ತು...

ನನ್ನ ಕೈ ತಟ್ಟಿದರು. "ಹಂಗಾದ್ರೆ ಸರಿಯಾಗೇ ಮಾಡಿದ್ದೀಯ ಬಿಡೇ."

ಅವರು ನನ್ನ ಕೆಲಸವನ್ನು ಮೆಚ್ಚಿದ್ದು ಅದೊಂದೇ ಸಲ. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಅವರಿರಲಿಲ್ಲ.

"ಅಕ್ಕಾ, ಯಾವ ಕಲರ್ ಹೊಡೀಲಿ? ನೀಲಿನಾ, ಬ್ರೌನಾ?" ಪೇಂಟಿನವನು ಕೇಳಿದ.

"ಬ್ರೌನ್ ಹೊಡಿಯಪ್ಪ."

ಸಂಜೆಯೊಳಗೆ ಗೇಟಿನ ತುಂಬ ಕಂದು ಬಣ್ಣ. ಎಷ್ಟು ಸಲೀಸಾಗಿ ಬಂತು... ಇಲ್ಲಿ ಬಂದು ಯಾರಿಗೇನಾಗಬೇಕಿತ್ತು?