ಕಮಲನಗರದಲ್ಲಿ ಉಳಿದ ಕರಿ

ಮಿರಗ, ಅಂದರೆ ಮೃಗಶಿರ ಮಳೆ ಹಿಡಿದು ನಾಲ್ಕಾರು ದಿನವಾಗಿತ್ತು. ಕೋಳಿ ಕೂಗುವ ಹೊತ್ತು. ಆದರೆ ಡಾಬಕಾ ಹಳ್ಳಿಯ ಅಂಜನಾಬಾಯಿಯವರ ಅಂಗಳದಲ್ಲಿ ಕೂಗಲು ಕೋಳಿ ಇರಲಿಲ್ಲ. ಆದರೂ ಅವರು ಎದ್ದು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಗೂಡಿನ ಬಾಗಿಲಿಗಿಟ್ಟ ಕಲ್ಲು ಸರಿಸಿದರು. ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ, ಕೈ ತಾನೇ ಮಾಡಿತು. ಒಳಗಿಂದ ಬಂದದ್ದು ಸುಣ್ಣದ ವಾಸನೆ ಮಾತ್ರ. ಕಲ್ಲನ್ನು ಮತ್ತೆ ಅಲ್ಲೇ ಇಟ್ಟು ಬದನೆ ಮಡಿಯ ಕಡೆ ಹೋದರು.

ಮನೆಯ ಹಿಂದೆ ಇರುವುದು ಅರ್ಧ ಎಕರೆಗೂ ಕಡಿಮೆ ಜಾಗ. ನಡುವೆ ಜಾಲಿ ಮುಳ್ಳಿನ ಬೇಲಿ. ಒಂದು ಕಡೆ ಕಾಯಿಪಲ್ಯೆ, ಇನ್ನೊಂದು ಕಡೆ ಕೋಳಿ. ಒಂದು ಬೆಳೆ ಮುಗಿದರೆ ಬೇಲಿಯ ಬಾಗಿಲು ಅದಲು ಬದಲಾಗುತ್ತದೆ. ಮಳೆಗಾಲದಲ್ಲಿ ಪುಂಡಿ, ಹೀರೆ, ಬದನೆ ಇದ್ದ ಮಡಿಗೆ ಚಳಿಗಾಲದಲ್ಲಿ ಕೋಳಿ ಇಳಿಯುತ್ತವೆ. ಕೋಳಿ ಇದ್ದಲ್ಲಿ ಮೆಂತೆ ಏಳುತ್ತದೆ. ಬೇಸಿಗೆಯಲ್ಲಿ ಬಚ್ಚಲ ನೀರು ಹರಿಯುವಲ್ಲಿ ಒಂದೆರಡು ನುಗ್ಗೆ ಗಿಡ, ಉಳಿದದ್ದೆಲ್ಲ ಕೋಳಿಗಳದ್ದೇ ರಾಜ್ಯ. ಕೆದರಿ ಕೆದರಿ ಹುಳ ತಿನ್ನುತ್ತವೆ, ಹಿಕ್ಕೆ ಹಾಕುತ್ತವೆ. ಬೇರೆ ಗೊಬ್ಬರ ಈ ಮನೆಗೆ ಬಂದದ್ದಿಲ್ಲ. ಈ ಬೇಲಿ ಕಟ್ಟಿದವರು ಅಂಜನಾಬಾಯಿಯವರ ಯಜಮಾನ ಪಂಢರಿ. ಅವರು ತಲೆಯ ಮೇಲೆ ಮುಳ್ಳಿನ ಹೊರೆ ಹೊತ್ತು ಹಳ್ಳ ದಾಟಿ ಬರುತ್ತಿದ್ದದ್ದು ಇದೇ ಊರಿನಲ್ಲಿ ಬೆಳೆದ ನನಗಿನ್ನೂ ನೆನಪಿದೆ. ತೀರಿಹೋಗಿ ಬಹಳ ದಿನವಾಯಿತು. ಬೇಲಿ ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಜಾಗ ಮಾತ್ರ ಅವರು ಗುರುತು ಹಾಕಿದ್ದೇ.

ಈ ಭಾಗದಲ್ಲಿ ಅಂಜನಾಬಾಯಿಯವರ ಹೆಸರು ಕೆಲವು ಮನೆಗಳ ಹೆಂಗಸರಿಗೆ ಮಾತ್ರ ಗೊತ್ತು. ಅದು ಕಾವಿಗೆ ಕೂಡುವ ಕೋಳಿಯಿಂದ. ಯಂತ್ರದಲ್ಲಿ ಒಡೆದು ಬಂದ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುತ್ತವೆ, ಆದರೆ ಬಹಳಷ್ಟು ಮೊಟ್ಟೆಯ ಮೇಲೆ ಕೂಡುವುದಿಲ್ಲ. ಅಂಜನಾಬಾಯಿಯವರ ನಾಟಿ ಕೋಳಿ ಕೂಡುತ್ತವೆ. ಕಮಲನಗರ, ಔರಾದ್‌ನಿಂದಲೂ ಕೇಳಿ ಬರುತ್ತಾರೆ. ಕೋಳಿಯನ್ನು ಪಾಲಿಗೆ ಕೊಡುವುದು ರೂಢಿ. ಒಯ್ದವರು ಮರಿ ಮಾಡಿಸಿಕೊಂಡು ಅರ್ಧ ಮರಿಗಳ ಜೊತೆ ತಾಯಿಯನ್ನು ತಂದುಕೊಡಬೇಕು. ಒಯ್ಯುವುದು ಕತ್ತಲಾದ ಮೇಲೆ, ಬುಟ್ಟಿಗೆ ಬಟ್ಟೆ ಮುಚ್ಚಿ. ಬೆಳಕಿನಲ್ಲಿ ಜಾಗ ಬದಲಾದರೆ ಕೋಳಿಗೆ ಮನಸ್ಸು ಮುರಿಯುತ್ತದೆ, ಕೂಡುವುದಿಲ್ಲ.

ಕಳೆದ ಸಂಕ್ರಾಂತಿಗೆ ಹಾಗೆ ಹೋದದ್ದು ಕರಿ. ಮೈಯೆಲ್ಲ ಕಪ್ಪು, ಕುತ್ತಿಗೆಯಲ್ಲಿ ಮಾತ್ರ ಕೆಂಪು ಗರಿ. ಒಯ್ದವರು ಕಮಲನಗರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಅಬ್ದುಲ ಗಫೂರ. ಯುಗಾದಿಗೆ ತಂದುಕೊಡುವ ಮಾತಾಗಿತ್ತು. ಯುಗಾದಿ ಹೋಯಿತು, ಕೋಳಿ ಬರಲಿಲ್ಲ. ಅಂಜನಾಬಾಯಿ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದರು. ಮರಿ ಇನ್ನೂ ಸಣ್ಣವು, ಹದ್ದಿನ ಕಾಟ ಇದೆ ಎಂದು ಉತ್ತರ ಬಂತು. ಮತ್ತೆ ಹೇಳಿ ಕಳಿಸಿದರು, ಈ ಸಲ ಒಂದು ಮಾತು ಸೇರಿಸಿ: ಗಫೂರಭಾಯ್‌ನ ಅಂಗಡ್ಯಾಗ ಗಾಳಿ ತುಂಬಿದಾಂಗ ಅವನ ಮಾತಿನ್ಯಾಗೂ ಬರೇ ಗಾಳಿನೇ ಅದ ಅಂತ ಹೇಳಪ್ಪ. ಕಂಡಕ್ಟರ್ ಅದನ್ನು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಒಪ್ಪಿಸಿದನಂತೆ.

ಬೇಸಿಗೆಯ ಬಿಸಿಲು ಏರಿದಾಗ ಊರಿಗೆ ಕೋಳಿ ರೋಗ ಬಂತು. ಕತ್ತು ತಿರುಚಿ ಬೀಳುತ್ತಿದ್ದವು. "ಈ ವರ್ಷ ಲಸಿಕಿ ಹಾಕ್ಸೋದು ಆಮ್ಯಾಲ ನೋಡಿದ್ರಾತು ಅಂತ ಬಿಟ್ಟೆ ರಿ. ಒಂದು ವಾರದಾಗ ಅಂಗಳ ಖಾಲಿ ಆತು," ಎನ್ನುತ್ತಾರೆ ಅಂಜನಾಬಾಯಿ. ಗುಂಡಿ ತೋಡಿ ಹೂಳಿದರು, ಗೂಡಿಗೆ ಸುಣ್ಣ ಬಳಿದರು, ನೆಲವನ್ನು ಬಿಸಿಲಿಗೆ ಬಿಟ್ಟರು. ಕೆದರುವವರಿಲ್ಲದ ಮಣ್ಣಿನಲ್ಲಿ ಮೊದಲ ಮಳೆಗೇ ಗೊಣ್ಣೆ ಹುಳ ಎದ್ದು ಬದನೆ ಸಸಿಯ ಬೇರು ಕತ್ತರಿಸಿದವು. ಆ ಬೆಳಗ್ಗೆ ಅವರು ಮಡಿಯಲ್ಲಿ ಕೂತು ಬಾಡಿದ ಸಸಿಗಳನ್ನು ಒಂದೊಂದೇ ಕೀಳುತ್ತಿದ್ದಾಗ, ಮೊದಲ ಬಸ್ಸಿಗೆ ಗಫೂರ ಬಂದರು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕರಿ.

ಬೈಗುಳ ತಿನ್ನಲು ತಯಾರಾಗಿಯೇ ಬಂದಿದ್ದರು. ರೋಗದ ಸುದ್ದಿ ಕೇಳಿ ಮನೆಯಲ್ಲಿ ನಿಲ್ಲಲಾಗದೆ, ಮೂಲೆಯಲ್ಲಿ ಕೂತಿದ್ದ ಕೋಳಿಯನ್ನು ಎತ್ತಿಕೊಂಡು ಬಂದಿದ್ದರು. "ಮಾಫ್ ಮಾಡ್ರಿ ಬಾಯಿ, ತಡ ಆತು. ಮರಿ ಎಲ್ಲಾ ಹದ್ದಿನ ಪಾಲಾದ್ವು," ಎಂದರು. ಅಂಜನಾಬಾಯಿ ಕೈಯ ಮಣ್ಣು ತೊಳೆದುಕೊಂಡರು. ಒಳಗೆ ಹೋಗಿ ಚಹಾ ಇಟ್ಟರು. ಯುಗಾದಿಗೇ ಬಂದಿದ್ದರೆ ಕರಿಯೂ ಆ ಗುಂಡಿಯಲ್ಲಿರುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆದರೆ ಕರಿ ಕಾಳು ಮುಟ್ಟಲಿಲ್ಲ. ಗರಿ ಉಬ್ಬಿಸಿಕೊಂಡು ಒಂದೇ ಕಡೆ ಕೂತಿತು. ಇಷ್ಟು ವರ್ಷ ಕೋಳಿ ಸಾಕಿದ ಅಂಜನಾಬಾಯಿಗೆ ಆ ಹೊತ್ತು ಕಂಡದ್ದು ರೋಗ ಒಂದೇ. ಅದನ್ನು ದೂರ ಜೋಳದ ಕಣಿಕೆ ಬಣವೆಯ ಹತ್ತಿರ ಬುಟ್ಟಿ ಕವುಚಿ ಇಟ್ಟರು. ಮತ್ತೆ ಆ ಕಡೆ ನೋಡಲಿಲ್ಲ. ಸೊಸೆ ಆಮ್ರಪಾಲಿ ಬೀದರ್ ಪೇಟೆಯಲ್ಲಿ ಬೆಳೆದವರು, ಊರಿನ ಅಂಗನವಾಡಿಯಲ್ಲಿ ಕೆಲಸ. ನೀರಿಡಲು ಹೋದವರು ಕೈ ಹಿಡಿದುಕೊಂಡು ಬಂದರು. ಬೆರಳಿನಲ್ಲಿ ರಕ್ತ.

"ಅತ್ತಿ, ಇದಕ್ಕ ಬ್ಯಾನಿ ಇಲ್ರಿ, ಸಿಟ್ಟು ಬಂದದ. ಬ್ಯಾನಿ ಬಂದವು ಯಾವೂ ಹಿಂಗ ಕಚ್ಚಿದ್ದಿಲ್ಲ."

ಅಂಜನಾಬಾಯಿ ಎದ್ದು ಹೋಗಿ ಹೊಟ್ಟೆಯ ಕೆಳಗೆ ಕೈ ಇಟ್ಟು ನೋಡಿದರು. ಗರಿ ಉದುರಿ ಬರಿ ಚರ್ಮ, ಸುಡುವ ಬಿಸಿ. ಕರಿ ಕಾವಿಗೆ ಕೂತಿತ್ತು. ಗಫೂರರ ಮನೆಯಲ್ಲಿ ಕೋಳಿ ನೋಡುವುದು ಅವರ ಹೆಂಡತಿ. ಆಕೆ ಉದಗೀರಿಗೆ ಹೋಗಿದ್ದಾಗ ಇವರು ಗಾಬರಿಯಲ್ಲಿ, ಬೆಳಕಿನಲ್ಲೇ, ಮೊಟ್ಟೆಯ ಮೇಲಿಂದ ಎತ್ತಿ ತಂದಿದ್ದರು. ಅದೇ ದಿನ ಗಫೂರ ಮರಳಿ ಹೋಗಿ, ಸಂಜೆಯ ಬಸ್ಸಿಗೆ ಕರಿಯದೇ ಮೊಟ್ಟೆಗಳನ್ನು ಜೋಳದಲ್ಲಿ ಹುಗಿದು ತಂದರು. ಕತ್ತಲಾದ ಮೇಲೆ ಹೊಟ್ಟೆಯಡಿ ಇಟ್ಟರು. ಕೂಡುತ್ತದೋ ಇಲ್ಲವೋ ಎಂದು ಮೂವರೂ ದೂರ ನಿಂತು ನೋಡಿದರು. ಕರಿ ಕೊಕ್ಕಿನಿಂದ ಒಂದೊಂದನ್ನೇ ಎಳೆದುಕೊಂಡು ರೆಕ್ಕೆ ಹರಡಿತು.

ಈಗ ದೀಪಾವಳಿ ಕಳೆದಿದೆ. ಎಳೆ ಕೋಳಿಗಳು ಬೇಲಿಯ ಈಚೆ ಕೆದರುತ್ತಿವೆ, ಆಚೆ ಮೆಂತೆ ಎರಡೆಲೆ ಬಿಟ್ಟಿದೆ. ಅರ್ಧ ಮರಿ ಗಫೂರರ ಪಾಲಿಗೆ ಹೋದವು. ಲಸಿಕೆ ಈ ಸಲ ಆಮ್ರಪಾಲಿಯೇ ನಿಂತು ಹಾಕಿಸಿದ್ದಾರೆ. ಹೋದ ವಾರ ಕರಿ ಮತ್ತೆ ಕಾವಿಗೆ ಬಂತು. ಔರಾದ್‌ನಲ್ಲಿ ಹೊಲಿಗೆ ಮಾಡುವ ವೃಂದಾ ಅದನ್ನೇ ಪಾಲಿಗೆ ಕೇಳಿದರು.

ಕೊಡುವುದು ಬೇಡವೆಂದು ಆಮ್ರಪಾಲಿ ಹಟ ಹಿಡಿದರು. ಭಾಲ್ಕಿಯಲ್ಲಿ ಲೈನ್‌ಮನ್ ಆಗಿರುವ ಗಂಡ ಅಶ್ವಜಿತನಿಂದಲೂ ಫೋನಿನಲ್ಲಿ ಹೇಳಿಸಿದರು. ಇರುವುದೊಂದು ತಾಯಿ, ಇದರ ಹೆಣ್ಣು ಮರಿಗಳು ಇನ್ನೂ ಒಮ್ಮೆಯೂ ಕಾವಿಗೆ ಕೂತಿಲ್ಲ, ದಾರಿಯಲ್ಲಿ ಏನಾದರೂ ಆದರೆ? ಅಂಜನಾಬಾಯಿ ಪುಂಡಿ ಸೊಪ್ಪು ಸೋಸುತ್ತಾ ಎಲ್ಲ ಕೇಳಿಸಿಕೊಂಡರು.

"ಎಲ್ಲಾ ನನ್ನ ಅಂಗಳದಾಗೇ ಇದ್ವು, ಎಲ್ಲಾ ಹೋದ್ವು. ಮಂದಿ ಮನ್ಯಾಗ ಇದ್ದದ್ದು ಉಳೀತು. ಔರಾದ್‌ನ್ಯಾಗ ನಾಕು, ಕಮಲನಗರದಾಗ ನಾಕು ಇರ್ಲಿ ಬಿಡವ್ವಾ. ನಾಳಿ ನಮ್ಮಲ್ಲಿ ಕಡಿಮಿ ಬಿದ್ರ ಯಾರ ಬಾಗ್ಲಿಗರೆ ಹೋಗಿ ಕೇಳ್ಬಹುದಲ್ಲ."

ಹೊತ್ತು ಮುಳುಗಿದ ಮೇಲೆ ಆಮ್ರಪಾಲಿ ತಾವೇ ಬುಟ್ಟಿಯ ತಳಕ್ಕೆ ಹುಲ್ಲು ಹಾಸಿ, ಕರಿಯನ್ನು ಕೂರಿಸಿ, ತಮ್ಮದೊಂದು ಹಳೆ ಸೀರೆಯ ತುಂಡು ಮುಚ್ಚಿ, ಬಸ್ ನಿಲ್ದಾಣದವರೆಗೆ ಹೊತ್ತು ನಡೆದರು. ಬಸ್ ಹತ್ತಿದ ವೃಂದಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಮುಚ್ಚಿದರು. ಕರಿ ಔರಾದ್‌ಗೆ ಹೋದದ್ದು ಮೊನ್ನೆ ಶುಕ್ರವಾರ.