ಚಿಮಣಿಯ ಕೆಳಗೆ ನಿಂತಿದ್ದಾಗ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹಳೆಯ ಮನೆ ಕೊಂಡು, ಅದರ ಜೊತೆ ದೆವ್ವವೂ ಬಂದಿದೆಯೆಂದು ಬೀಗುವವರನ್ನು ಕಂಡರೆ ಇನ್ನೂ ಹೆಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ನನ್ನನ್ನೂ ಅದೇ ಸಾಲಿಗೆ ಸೇರಿಸಬಹುದು.

ನಾಲ್ಕು ವರ್ಷದ ಹಿಂದಿನ ಮಾತು. ನಾನು ನೆಲೆಸಿರುವ ಪರದೇಶದ ಊರು ಕೆಂಡಲ್ ಪಾರ್ಕಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಗೆಳತಿ ವಸುಧಾ, ಮುಕ್ಕಾಲು ಗಂಟೆ ದೂರದ ಪುಟ್ಟ ಊರೊಂದರ, ಹಳೆಯ ಮನೆಗಳನ್ನು ಇದ್ದಂತೆಯೇ ಕಾಪಾಡುವ ‘ಹಿಸ್ಟಾರಿಕ್ ಡಿಸ್ಟ್ರಿಕ್ಟ್‌’ನಲ್ಲಿ ಮನೆ ಕೊಂಡಳು. ಎರಡು ಬೀದಿ ಮರದ ಮನೆಗಳು, ಒಂದೊಂದರ ಬಾಗಿಲಲ್ಲೂ ಕಟ್ಟಿದ ಇಸವಿಯ ಫಲಕ. ನೂರಿಪ್ಪತ್ತು ವರ್ಷವಾದರೆ ಇವರಿಗೆ ಇತಿಹಾಸ! ಶ್ರೀರಂಗಪಟ್ಟಣದಲ್ಲಿ ಅದಕ್ಕಿಂತ ಹಳೆಯ ಗೋಡೆಗೆ ಬೆರಣಿ ತಟ್ಟುತ್ತಾರೆ. ಬಾಗಿಲಿಗೆ ಬಣ್ಣ ಬಳಿಯಲೂ ಇಲ್ಲಿ ಸಮಿತಿಯ ಒಪ್ಪಿಗೆ ಬೇಕು. ಚಿಮಣಿಯ ಇಟ್ಟಿಗೆ ಸಡಿಲವಾಗಿದೆಯೆಂದು ವಸುಧಾ ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಹೊಸ ಇಟ್ಟಿಗೆಯ ಕೆಂಪು ಹಳೆಯದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಆ ಪಂಡಿತರು ಇನ್ನೂ ಚರ್ಚಿಸುತ್ತಲೇ ಇದ್ದರು.

ಅಕ್ಟೋಬರಿನ ಒಂದು ಶನಿವಾರ ವಸುಧಾ ನನ್ನನ್ನು ಊಟಕ್ಕೆ ಕರೆದಳು. ಊಟ ಮುಗಿಯುವ ಹೊತ್ತಿಗೆ ಅವಳ ಮನೆಯ ದೆವ್ವದ ಪರಿಚಯವೂ ಆಯಿತು. ಯಾರೋ ಮುದುಕಿ ಮಹಡಿಯಲ್ಲಿ ಓಡಾಡುತ್ತಾಳಂತೆ.

“ಅದಕ್ಕೂ ಸಮಿತಿ ಪರ್ಮಿಷನ್ ಕೊಟ್ಟಿದೆಯೇನೇ?” ಎಂದು ನಕ್ಕೆ. ಅವಳಿಗೆ ಬೇಜಾರಾಯಿತು. ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ನಾನು ಹೊರಗೆ ಬಂದು ಮನೆಯ ಬದಿಯ ಗೋಡೆಗೆ ಒರಗಿ ನಿಂತೆ. ಎದುರುಮನೆಯ ಫಲಕದ ಫೋಟೋ ತೆಗೆದು, ಗೇಲಿ ಮಾಡಿ ಅಕ್ಕನಿಗೆ ಕಳಿಸುವ ಯೋಚನೆ. ಫೋನು ಎತ್ತಿದ್ದೆ, ಅಷ್ಟರಲ್ಲಿ ರಸ್ತೆಯ ಕಡೆಯಿಂದ ಅಮ್ಮ ಕರೆದಳು.

“ಬುಗುರೀ, ಬಾರೇ ಈಚೆ!”

ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬದುಕಿದ್ದಾಗ ಪಾಸ್‌ಪೋರ್ಟನ್ನೂ ಮಾಡಿಸದಿದ್ದವಳು. ನಿಂತಲ್ಲಿ ನಿಲ್ಲದ ಮಗು ಅಂತ ಆ ಹೆಸರಿಟ್ಟವಳು ಅವಳು; ಅವಳನ್ನು ಬಿಟ್ಟು ಬೇರೆ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ. ಅದೆಲ್ಲ ಆಮೇಲಿನ ಯೋಚನೆ. ಆಗ ಕಾಲು ತಾನಾಗಿಯೇ ರಸ್ತೆಯ ಕಡೆಗೆ ನಡೆದಿತ್ತು. ಐದಾರು ಹೆಜ್ಜೆ ಇಟ್ಟಿರಬಹುದು. ಹಿಂದೆ ಧಡಾರೆಂದಿತು. ಚಿಮಣಿಯ ತಲೆಯಷ್ಟೂ ನಾನು ನಿಂತಿದ್ದ ಜಾಗದ ಮೇಲೆ ಕುಸಿದುಬಿದ್ದಿತ್ತು.

ವಸುಧಾ ಓಡಿಬಂದಳು. ನನ್ನ ಮೈಕೈ ಮುಟ್ಟಿ ನೋಡಿ, ಉಸಿರು ತಂದುಕೊಂಡು ಸುತ್ತ ಕಣ್ಣಾಡಿಸಿದಳು. ರಸ್ತೆಯಲ್ಲಿ ನರಪಿಳ್ಳೆಯಿರಲಿಲ್ಲ.

“ಎಲ್ಲಿ ಹೋದ್ರು ಅವರು? ಬುಗುರಿ, ಬುಗುರಿ ಅಂತ ಯಾರೋ ಕರದ್ರಲ್ಲ?”

 ಅವಳ ದೆವ್ವಗಳ ಪಟ್ಟಿಗೆ ನನ್ನಮ್ಮನನ್ನು ಸೇರಿಸಲು ಮನಸ್ಸಾಗಲಿಲ್ಲ.

“ಯಾರೂ ಇಲ್ಲ ಕಣೇ. ಫೋನಲ್ಲಿ ಯಾವುದೋ ವಿಡಿಯೋ.”

ವಸುಧಾ ನನ್ನ ಮುಖವನ್ನೇ ನೋಡಿದಳು.

“ಹಂಗಾದ್ರ ನೀ ಯಾಕ ‘ಬಂದೆ ಅಮ್ಮಾ’ ಅಂದಿ?”

ನಾನು ಹಾಗೆಂದ ನೆನಪು ನನಗಿಲ್ಲ. ಇವತ್ತಿಗೂ ಇಲ್ಲ.