ನೈಲಾನ್ ಕುರಿ

ಚಂದ್ರವ್ವನ ಉಣ್ಣೆಯಲ್ಲಿ ಪ್ಲಾಸ್ಟಿಕ್ ದಾರ ಸೇರಿಸಿದವನು ನಾನು. ಆಕೆಯಲ್ಲ. ಆಕೆ ಮೋಸ ಮಾಡಿದಳೆಂದು ಬೆಳಗಾವಿಯಿಂದ ಖಾನಾಪುರದವರೆಗೆ ಎಷ್ಟು ಜನ ನಂಬಿದ್ದೀರೋ, ಅಷ್ಟೂ ಜನರಿಗೆ ಹೇಳುತ್ತಿದ್ದೇನೆ — ಆ ದಿನ ನನಗೆ ಆಕೆಯ ಮುಖ ಕೂಡ ಗೊತ್ತಿರಲಿಲ್ಲ.

ನಾನು ದಸ್ತಗೀರ, ಬೆಳಗಾವಿಯ ಶಹಾಪುರದವನು. ನಮ್ಮ ಮನೆಯಲ್ಲೂ ಮಗ್ಗವಿತ್ತು. ಮೊದಲ ಸಲ ಕೂತ ದಿನವೇ ಸೀರೆಯ ಜೊತೆ ನನ್ನ ಅಂಗಿಯ ತೋಳನ್ನೂ ನೇಯುವುದರಲ್ಲಿದ್ದೆ. ಇವನು ದಾರ ಮಾರಲಿ, ಮುಟ್ಟುವುದು ಬೇಡ ಎಂದು ಅಬ್ಬಾ ಅಂದೇ ತೀರ್ಪು ಕೊಟ್ಟರು. ಹಾಗಾಗಿ ಸ್ವೆಟರ್ ಹೆಣೆಯುವ ಆಕ್ರಿಲಿಕ್ ದಾರ, ಕ್ರೋಶಾ ಸೂಜಿ ಮಾರುತ್ತೇನೆ. ಮಾರುವುದಕ್ಕಿಂತ ಹೆಚ್ಚು ಮಾತಾಡುತ್ತೇನೆ.

ಬೆಳಗಾವಿಯಲ್ಲಿ ವರ್ಷಕ್ಕೊಮ್ಮೆ ಕೈಕೆಲಸದವರ ಮೇಳ ಸೇರುತ್ತದೆ. ನೂಲು, ಬಣ್ಣ, ಲಾಳಿ, ಕದಿರು ಮಾರುವವರೆಲ್ಲ ಮೂರು ದಿನ ಒಂದೇ ಮಂಟಪದಡಿ. ಎರಡು ವರ್ಷದ ಹಿಂದೆ ಅಲ್ಲಿ ನನ್ನ ಪಕ್ಕದ ಅಂಗಡಿ ಸಾವಂತ್ರಕ್ಕನದಾಗಿತ್ತು. ಖಾನಾಪುರದ ಮೂಡಲಿಗೆ ಅವಳ ಹಳ್ಳಿ. ಅಲ್ಲಿ ಹತ್ತು-ಹನ್ನೆರಡು ಹೆಂಗಸರು ಕರಿ ಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು, ನೂಲನ್ನು ಸುರುಳಿ ಸುತ್ತಿ ಲಡಿ ಮಾಡಿ ಅವಳ ಕೈಗೆ ಕೊಡುತ್ತಿದ್ದರು. ಒಬ್ಬೊಬ್ಬಳು ತನ್ನ ಲಡಿಗೆ ತನ್ನದೇ ರೀತಿಯ ಗಂಟು ಹಾಕುವಳು. ಹೊಗಳಿಕೆಯಾಗಲಿ ದೂರಾಗಲಿ, ಗಂಟು ನೋಡಿ ನೇರ ಆ ಮನೆಗೇ ಮುಟ್ಟಬೇಕು.

ಗಿರಾಕಿ ಬಂದರೆ ಸಾವಂತ್ರಕ್ಕ ತನ್ನ ಲಡಿಯಿಂದ ಒಂದು ಎಳೆ ಹಿರಿದು, ಕಡ್ಡಿ ಗೀರಿ ಸುಡುವಳು. ಅಸಲಿ ಉಣ್ಣೆ ಮುದುಡುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಆಮೇಲೆ ನನ್ನ ಕಡೆ ಕೈ ಚಾಚುವಳು.

"ದಸ್ತೂ, ನಿಂದೊಂದು ಎಳಿ ಕೊಡೋ ತಮ್ಮಾ."

ನನ್ನದು ಭಗ್ಗನೆ ಹೊತ್ತಿ, ಕರಗಿ, ಕರಿಮಣಿಯ ಹಾಗೆ ಗಟ್ಟಿಯಾಗುತ್ತಿತ್ತು.

"ನೋಡ್ರಿ, ಇದು ಕುರಿದು, ಇದು ನಮ್ಮ ದಸ್ತೂಂದು. ಹುಡುಗ ಭಾಳ ಚಲೋ. ಆದ್ರ ಆಂವನ ಸ್ವೆಟರ್ ಹಾಕ್ಕೊಂಡು ಒಲಿ ಮುಂದ ಕುಂದರಬ್ಯಾಡ್ರಿ!"

ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಆಮೇಲೆ ನಾನು ಮಾಡಿದ್ದು ಬರೀ ಚೇಷ್ಟೆ, ಅಷ್ಟೇ — ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜನರನ್ನು ನಗಿಸುವವನು ನಾನು. ನನ್ನನ್ನು ತೋರಿಸಿ ಇನ್ನೊಬ್ಬರು ನಗಿಸಿದರೆ ಒಳಗೆ ಏನೋ — ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಎರಡನೇ ದಿನ ಮಧ್ಯಾಹ್ನ ಸಾವಂತ್ರಕ್ಕ ಬುತ್ತಿ ಹಿಡಿದು ಎದ್ದಳು. "ಎರಡು ರೊಟ್ಟಿ ತಿಂದು ಬರ್ತೇನಿ. ಅಂಗಡಿ ನೋಡ್ಕೊಳ್ಳೋ."

ಚೆನ್ನಾಗಿಯೇ ನೋಡಿಕೊಂಡೆ! ಕಪ್ಪು ಆಕ್ರಿಲಿಕ್ ದಾರವನ್ನು ನೆಲದ ಧೂಳಿನಲ್ಲಿ ಉಜ್ಜಿ ಒರಟು ಮಾಡಿ, ಎಲ್ಲಕ್ಕಿಂತ ಮುಂದೆ ತೂಗುತ್ತಿದ್ದ ಲಡಿಯ ಮೇಲೆ ನಾಲ್ಕು ಸುತ್ತು ಸುತ್ತಿದೆ. ನಲ್ಲಿ ತಿರುಗಿಸಿದರೆ ನಲ್ಲಿಯೇ ಕೈಗೆ ಬರುವಂಥವನು ನಾನು. ಅಷ್ಟು ನಾಜೂಕಾಗಿ ಜೀವಮಾನದಲ್ಲಿ ಇನ್ನೇನನ್ನೂ ಮಾಡಿಲ್ಲ. ಅವಳು ಸುಡುತ್ತಾಳೆ, ಮಣಿಯಾಗುತ್ತದೆ, ಗಾಬರಿಯಾಗುತ್ತಾಳೆ, ನಾನು ಜಾದೂಗಾರನಂತೆ ಜಿಗಿದು "ನಾನೇ!" ಎನ್ನುತ್ತೇನೆ, ಎಲ್ಲರೂ ಚಪ್ಪಾಳೆ — ಇದು ನನ್ನ ಲೆಕ್ಕಾಚಾರ.

ಊಟದ ನಂತರ ಬಂದವರು ನಗರದಲ್ಲಿ ನೇಯ್ಗೆ ತರಗತಿ ನಡೆಸುವ ಟೀಚರು, ನಮ್ಮ ಬಾಯಲ್ಲಿ ಬಾಯಾರು. ಇಡೀ ವರ್ಷ ತಮ್ಮ ವಿದ್ಯಾರ್ಥಿಗಳಿಗೆ ಬೇಕಾಗುವ ಉಣ್ಣೆಯನ್ನು ಇಲ್ಲಿಂದಲೇ ಒಯ್ಯುವ ಮಾತಾಗಿತ್ತು. ಅದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಸಾವಂತ್ರಕ್ಕ ಹತ್ತು ಸಲ ಹೇಳಿದ್ದಳು. ಬೇಡ, ಆ ಲಡಿ ಬೇಡ ಎಂದು ಒಳಗೇ ಕೂಗುತ್ತಿದ್ದೆ. ಅವಳ ಕೈ ಅದಕ್ಕೇ ಹೋಯಿತು. ಕಡ್ಡಿ ಗೀರಿದಳು.

ಭಗ್.

ಬಾಯಾರು ಬೆರಳಲ್ಲಿ ಉಜ್ಜಿದರು. ಮಣಿ ಒಡೆಯಲಿಲ್ಲ.

"ಏನ್ರಿ ಇದು, ಸಾವಂತ್ರೆವ್ವ?"

ಸಾವಂತ್ರಕ್ಕ ಇನ್ನೊಂದು ಎಳೆ ಸುಟ್ಟಳು. ಅದೂ ಮಣಿ. ಲಡಿಯನ್ನು ತಿರುಗಿಸಿ ಗಂಟು ನೋಡಿದಳು. "ಇದು ನಮ್ಮ ಚಂದ್ರವ್ವನ ಗಂಟು... ಆಕಿ ಹಂಗ ಮಾಡಾಕಿ ಅಲ್ರೀ..."

ಅಕ್ಕಪಕ್ಕದ ಅಂಗಡಿಯವರೆಲ್ಲ ಕತ್ತು ಚಾಚಿದ್ದರು. ಈಗ, ಈಗಲೇ ಹೇಳಬೇಕು. ಬಾಯಿ ತೆರೆದೆ. "ನಾನೇ" ಎಂಬ ಎರಡೇ ಅಕ್ಷರ. ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗಿದವು — ಜೋಕರ್ ಏನೋ ಹೇಳುತ್ತಾನೆ ಎಂದು. ನನ್ನ ಬಾಯಿಂದ ಬಂದದ್ದು ಇದು:

"ಅಕ್ಕಾ, ನಿಮ್ಮೂರಾಗ ಈಗ ನೈಲಾನ್ ಕುರಿ ಮೇಸಾಕತ್ತಾರೇನ್ರಿ?"

ಮಂಟಪವೇ ನಕ್ಕಿತು. ಬಾಯಾರೂ ನಕ್ಕರು, ನಗುತ್ತಲೇ ಆರಿಸಿಟ್ಟಿದ್ದ ಲಡಿಗಳನ್ನೆಲ್ಲ ಕೆಳಗಿಟ್ಟರು. "ಮುಂದಿನ ಸಲ ನೋಡೂಣ್ರಿ" ಎಂದು ಹೊರಟೇ ಹೋದರು. ಸಾವಂತ್ರಕ್ಕ ಮಾತ್ರ ಲಡಿ ಹಿಡಿದು ನಿಂತೇ ಇದ್ದಳು.

ಸಂಜೆ ಕೇಳಿದಳು: "ನಾ ಉಣ್ಣಾಕ ಹೋದಾಗ ಅಂಗಡಿಗೆ ಯಾರರ ಬಂದಿದ್ರೇನೋ ತಮ್ಮಾ?"

"ಯಾರೂ ಬಂದಿಲ್ಲಕ್ಕ."

ಖರೇ ಮಾತು. ನೋಡಿ, ಯಾರೂ ಬಂದಿರಲಿಲ್ಲ. ಅಷ್ಟು ಖರೇ ಮಾತಿನಿಂದ ಅಷ್ಟು ದೊಡ್ಡ ಸುಳ್ಳು ಹೇಳಬಹುದು ಎಂದು ಅಂದು ಕಲಿತೆ. ಮರುದಿನ, ಮರುವಾರ ಹೇಳೋಣವೆಂದು... ಹೇಳಲಿಲ್ಲ.

ಮುಂದಿನ ವರ್ಷದ ಮೇಳದಲ್ಲಿ ಸಾವಂತ್ರಕ್ಕ ಕಡ್ಡಿ ಗೀರಲೇ ಇಲ್ಲ. ಚಂದ್ರವ್ವ ಹೇಗಿದ್ದಾಳೆ ಎಂದು ಸುಮ್ಮನೆ ಕೇಳಿದಂತೆ ಕೇಳಿದೆ.

"ಆಕಿ ನೂಲೂದು ಬಿಟ್ಟಾಳ. ನಾವ ಬಿಡಿಸಿದ್ವಿ ಅನ್ನು. ನಾ ಹಾಕಿಲ್ಲ ಅಂತ ಅತ್ಲು, ಯಾರು ನಂಬ್ಯಾರ? ನೀ ಅಂದಿದ್ದು ಊರಿಗೂ ಮುಟ್ಟೇತಿ ನೋಡು. ನೈಲಾನ್ ಚಂದ್ರವ್ವ ಅಂತಾರ."

ಆಗಲೂ ಹೇಳಲಿಲ್ಲ. ಮತ್ತೊಂದು ವರ್ಷ ನುಂಗಿಕೊಂಡೆ.

ಹೋದ ತಿಂಗಳು ಒಂದು ಬೆಳಿಗ್ಗೆ, ಅಂಗಡಿ ತೆಗೆಯದೆ, ಖಾನಾಪುರದ ಬಸ್ ಹತ್ತಿದೆ. ಅಲ್ಲಿಂದ ಟೆಂಪೋ. ಹಳ್ಳಿಯ ಚಹಾದಂಗಡಿಯಲ್ಲಿ ಚಂದ್ರವ್ವನ ಮನೆ ಕೇಳಿದರೆ, ಅಂಗಡಿಯವನು ಲೋಟ ತೊಳೆಯುತ್ತಲೇ ಅಂದ: "ಯಾವ ಚಂದ್ರವ್ವ? ನೈಲಾನ್ ಚಂದ್ರವ್ವನಾ?"

ಹೂಂ ಎನ್ನದೆ ದಾರಿ ಸಿಗುತ್ತಿರಲಿಲ್ಲ. ಹೂಂ ಎಂದೆ.

ಆಕೆ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು. ಕುಂದರೆಂದಳು. ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದಂತೆ ಹೇಳಿದೆ — ರೊಟ್ಟಿ, ಧೂಳು, ನಾಲ್ಕು ಸುತ್ತು, ಕುರಿಯ ಮಾತು. ಮೊರ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನನಗ್ಯಾಕ ಹೇಳ್ತಿ?" ಅಂದಳು. "ನಾ ಹಾಕಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳ ಹೋಗು."

ಮತ್ತೆ ಅಕ್ಕಿ ಕೇರತೊಡಗಿದಳು.

ಎರಡು ಓಣಿ ದಾಟಿದರೆ ಸಾವಂತ್ರಕ್ಕನ ಅಂಗಳ. ಹೆಂಗಸರು ಗುಂಪಾಗಿ ಕೂತು ಉಣ್ಣೆ ಹಿಂಜುತ್ತಿದ್ದರು. ಮೇಳದಲ್ಲಿ ನನ್ನನ್ನು ನೋಡಿದ್ದ ಒಬ್ಬಳು ಕೂಗಿದಳು: "ಬಂದ ನೋಡ್ರೆ ಬೆಳಗಾಂವ್ ಜೋಕರ್! ಏನರ ಹೇಳೋ, ನಗೂಣು." ಹೇಳಿದೆ. ಪ್ಲಾಸ್ಟಿಕ್ ಎಳೆ ಹಾಕಿದ್ದು ನಾನೇ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಖರೇನ ಹೇಳಾಕತ್ತೇನ್ರಿ ಎಂದರೆ ಇನ್ನೂ ನಕ್ಕರು. ಬದುಕಿನಲ್ಲಿ ಮೊದಲ ಸಲ ನಗಿಸಬಾರದೆಂದು ನಿಂತಾಗಲೇ ನನಗೆ ಅಷ್ಟು ನಗು ಸಿಕ್ಕಿತು.

ಸಾವಂತ್ರಕ್ಕ ನಗಲಿಲ್ಲ.

"ಇನ್ನೊಮ್ಮಿ ಹೇಳು," ಅಂದಳು.

ಇನ್ನೊಮ್ಮೆ ಹೇಳಿದೆ. ಮೂರನೇ ಸಲವೂ ಹೇಳಿಸಿದಳು. ಅಷ್ಟರಲ್ಲಿ ಎಲ್ಲರ ಕೈಗಳೂ ನಿಂತಿದ್ದವು. ಅವಳು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಚಂದ್ರವ್ವನ ಮನೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದಳು.

"ಬಾಗಲಾ ಹಾಕ್ಕೊಂಡಾಳ. ತಗೀಲಿಲ್ಲ," ಎಂದಳು. ಯಾರ ಮುಖವನ್ನೂ ನೋಡಲಿಲ್ಲ, ನನ್ನದನ್ನಂತೂ.

ಆ ಬಾಗಿಲು ತೆರೆಸುವ ಹಕ್ಕು ನನಗಿಲ್ಲ. ಕ್ಷಮಿಸಿ ಎಂದು ಆಕೆಯನ್ನು ಕೇಳಿಲ್ಲ, ಕೇಳುವುದೂ ಇಲ್ಲ. ನೇಯ್ಗೆಯ ಬಾಯಾರ ಮನೆಗೆ ಹೋಗಿ ಹೇಳಿ ಬಂದೆ. ಈ ವರ್ಷದ ಮೇಳದಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೇಳುತ್ತೇನೆ. ನಕ್ಕರೆ, ನಗು ನಿಲ್ಲುವವರೆಗೆ ನಿಂತು ಮತ್ತೆ ಹೇಳುತ್ತೇನೆ. ಆದರೆ ಆ ನೈಲಾನ್ ಕುರಿಯ ಮಾತು ನನಗೆ ಗೊತ್ತಿಲ್ಲದ ಎಷ್ಟು ಬಾಯಿಗಳಿಗೆ ಹೋಗಿದೆಯೋ — ಅದಕ್ಕೇ ಇಲ್ಲಿ ಬರೆದೆ. ನೈಲಾನ್ ಚಂದ್ರವ್ವ ಎಂದು ಯಾರಾದರೂ ಅಂದರೆ ದಯವಿಟ್ಟು ತಿದ್ದಿ. ನೈಲಾನ್ ದಸ್ತಗೀರ ಅನ್ನಿ. ಆ ಹೆಸರು ನನ್ನದು.